ಬಂದರಿನ ಊರು ಆಸ್ಪತ್ರೆಗಳ ಊರಾದ ಬಗೆ: ಘಟ್ಟದ ಮೇಲಿನ ವರ್ತಕರಿಗೆ ಮಂಗಳೂರಿನ ಪಾಠ

ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ಹಾದಿಯಲ್ಲಿ, ನಾಪೋಕ್ಲು ರಸ್ತೆ ಕವಲೊಡೆಯುವ ಸ್ಥಳದಲ್ಲಿರುವ ಪೇಟೆ ಮೂರ್ನಾಡು. ಸುತ್ತಲಿನ ತೋಟಗಳ ಕಾಫಿ ಮತ್ತು ಕರಿಮೆಣಸು, ಗದ್ದೆಗಳ ಭತ್ತ ಇಲ್ಲಿನ ವ್ಯವಹಾರಕ್ಕೆ ಆಧಾರ. ಮಂಗಳೂರಿನ ಸಮುದ್ರತೀರ ಇಲ್ಲಿಂದ ರಸ್ತೆಯ ಲೆಕ್ಕದಲ್ಲಿ ಸುಮಾರು 150 ಕಿಲೋಮೀಟರ್ ದೂರದಲ್ಲಿದೆ. ಆದರೂ ಇಲ್ಲಿನ ವರ್ತಕರ ಹಾಗೂ ಬೆಳೆಗಾರರ ಬದುಕಿನ ಎರಡು ದೊಡ್ಡ ಲೆಕ್ಕಗಳು ಘಟ್ಟದ ಕೆಳಗಿನ ಮಂಗಳೂರಿನೊಂದಿಗೆ ಹೆಣೆದುಕೊಂಡಿವೆ. ಮೊದಲನೆಯದು ಹಡಗು ಏರಬೇಕಾದ ಕಾಫಿಯ ಲೆಕ್ಕ. ಎರಡನೆಯದು ಮನೆಯಲ್ಲಿ ಯಾರಿಗಾದರೂ ಗಂಭೀರ ಕಾಯಿಲೆ ಬಂದಾಗ ಒಂದೇ ರಾತ್ರಿಯಲ್ಲಿ ತೆರೆದುಕೊಳ್ಳುವ ಖರ್ಚಿನ ಲೆಕ್ಕ. ಮೈಸೂರಿನ ದಾರಿ ಹಿಡಿಯುವವರೂ ಅನೇಕರಿದ್ದಾರೆ. ಆದರೂ ‘ಮಂಗಳೂರಿಗೆ ಕೊಂಡೊಯ್ಯಬೇಕು’ ಎಂಬ ಮಾತು ಕೊಡಗಿನಲ್ಲಿ ಕಾಫಿ ಚೀಲಕ್ಕೂ ಸಲ್ಲುತ್ತದೆ, ರೋಗಿಗೂ ಸಲ್ಲುತ್ತದೆ.

ಒಂದು ಬಂದರು ಪಟ್ಟಣ ಇಷ್ಟೊಂದು ಆಸ್ಪತ್ರೆಗಳ ನೆಲೆಯಾದದ್ದು ಹೇಗೆ? ಅದರ ಬೆಳವಣಿಗೆಯಲ್ಲಿ ಘಟ್ಟದ ಮೇಲಿನ ಜನರ ಪಾಲೇನು? ಅದನ್ನು ಅವಲಂಬಿಸಿರುವ ಚಿಕ್ಕ ಪೇಟೆಯ ವರ್ತಕರು ಯಾವ ಎಚ್ಚರಿಕೆಗಳನ್ನು ವಹಿಸಬೇಕು? ಈ ಮೂರು ಪ್ರಶ್ನೆಗಳನ್ನು ಮಂಗಳೂರಿನ ಚರಿತ್ರೆ ಮತ್ತು ಅಲ್ಲಿನ ಹೆಗ್ಗುರುತುಗಳ ಮೂಲಕ ಪರಿಶೀಲಿಸುವುದು ಈ ಅಧ್ಯಯನದ ಉದ್ದೇಶ.

ಅಳಿವೆಯ ಊರು

ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಸಮುದ್ರ ಸೇರುವ ಅಳಿವೆಯ ದಡದಲ್ಲಿ ಮಂಗಳೂರು ಬೆಳೆಯಿತು. ಫಲ್ಗುಣಿಗೆ ಗುರುಪುರ ಹೊಳೆ ಎಂಬ ಹೆಸರೂ ಇದೆ. ಆಳುಪ ಅರಸರ ಕಾಲದಲ್ಲಿಯೇ ಈ ಊರು ಪ್ರಸಿದ್ಧವಾಗಿತ್ತು. ಕದ್ರಿ ಮಂಜುನಾಥ ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಆಳುಪ ಅರಸ ಕುಂದವರ್ಮನ ಶಾಸನವಿದ್ದು, ಅದರ ಕಾಲ ಕ್ರಿ.ಶ. 968. ಇಂದು ಮಂಗಳೂರಿಗೆ ಹೋಗುವ ಯಾತ್ರಿಕರು ಕಾಣುವ ಪ್ರಾಚೀನ ಹೆಗ್ಗುರುತುಗಳಲ್ಲಿ ಇದು ಪ್ರಮುಖವಾದುದು.

ಹನ್ನೆರಡನೆಯ ಶತಮಾನದಲ್ಲಿ ಉತ್ತರ ಆಫ್ರಿಕ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ಸುಮಾರು ಹದಿನೇಳು ವರ್ಷ ನೆಲೆಸಿ, ಏಡನ್ ಬಂದರಿನ ವರ್ತಕರೊಂದಿಗೆ ವ್ಯಾಪಾರ ನಡೆಸಿದನು. ಇಲ್ಲಿ ಲೋಹದ ಪಾತ್ರೆಗಳನ್ನು ಮಾಡಿಸುವ ಕಾರ್ಯಾಗಾರವನ್ನೂ ಆತ ಹೊಂದಿದ್ದನು. ಆತನಿಗೆ ಸಂಬಂಧಿಸಿದ ಪತ್ರಗಳು ಮತ್ತು ಲೆಕ್ಕದ ಚೀಟಿಗಳು ಈಜಿಪ್ಟಿನ ಕೈರೋ ನಗರದ ಹಳೆಯ ಯಹೂದಿ ಪ್ರಾರ್ಥನಾ ಮಂದಿರವೊಂದರ ಕಡತಗಳಲ್ಲಿ ದೊರೆತಿವೆ. ಸರಕು ಹೋಗಿ ಹಣ ಬರುವುದಕ್ಕೆ ಒಂದು ಮಳೆಗಾಲವೇ ಕಳೆಯುತ್ತಿದ್ದ ಆ ದಿನಗಳಲ್ಲಿ ವ್ಯಾಪಾರವೆಲ್ಲ ಬರೆದಿಟ್ಟ ಲೆಕ್ಕದ ಮೇಲೂ ದೂರದ ಪಾಲುದಾರನ ಮೇಲಿನ ನಂಬಿಕೆಯ ಮೇಲೂ ನಿಂತಿತ್ತು ಎಂಬುದು ಈ ಪತ್ರಗಳಿಂದ ಸ್ಪಷ್ಟವಾಗುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಪ್ರವಾಸಿ ಇಬ್ನ್ ಬತೂತ ಈ ಊರನ್ನು ‘ಮಂಜರೂರ್’ ಎಂದು ಕರೆದು, ಪರ್ಷಿಯ ಮತ್ತು ಯೆಮನ್ ದೇಶಗಳ ವರ್ತಕರು ಇಲ್ಲಿ ಇಳಿಯುತ್ತಿದ್ದರೆಂದೂ ಕರಿಮೆಣಸು, ಶುಂಠಿ ಇಲ್ಲಿ ಹೇರಳವೆಂದೂ ದಾಖಲಿಸಿದ್ದಾನೆ. ಕರಿಮೆಣಸು ಬೆಳೆಯುತ್ತಿದ್ದುದು ಘಟ್ಟದ ತಪ್ಪಲಿನಲ್ಲಿ. ಆದ್ದರಿಂದ ಬಂದರಿನ ಬೆನ್ನಿಗೆ ಘಟ್ಟದ ಸೀಮೆ ನಿಂತಿರುವುದು ಇಂದಿನ ಮಾತಲ್ಲ.

1568ರಲ್ಲಿ ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಿದರು. ಅವರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕನ ಹೆಸರು ಕರಾವಳಿಯಲ್ಲಿ ಇಂದಿಗೂ ಜೀವಂತವಾಗಿದೆ. ಮುಂದೆ ಕೆಳದಿ ಅರಸರ ಆಳ್ವಿಕೆಯಲ್ಲಿದ್ದ ಪಟ್ಟಣ 1763ರಲ್ಲಿ ಹೈದರಾಲಿಯ ವಶವಾಯಿತು. ಆತ ಇಲ್ಲಿ ನೌಕಾಪಡೆಗಾಗಿ ಹಡಗುಗಳನ್ನು ಕಟ್ಟಿಸಿದನು. 1784ರ ಮಾರ್ಚ್ 11ರಂದು ಟಿಪ್ಪು ಸುಲ್ತಾನ್ ಮತ್ತು ಈಸ್ಟ್ ಇಂಡಿಯಾ ಕಂಪನಿಯ ನಡುವೆ ಆದ ಒಪ್ಪಂದ ‘ಮಂಗಳೂರು ಒಪ್ಪಂದ’ವೆಂದೇ ಪ್ರಸಿದ್ಧ. ಬೋಳೂರಿನಲ್ಲಿ ಗುರುಪುರ ಹೊಳೆಯ ದಡದಲ್ಲಿರುವ ಸುಲ್ತಾನ್ ಬತ್ತೇರಿ ಅದೇ ಕಾಲದ ಕಾವಲು ಕಟ್ಟಡ. ಶತ್ರು ಹಡಗುಗಳು ಹೊಳೆಯೊಳಗೆ ನುಗ್ಗದಂತೆ ತಡೆಯುವುದು ಅದರ ಉದ್ದೇಶವಾಗಿತ್ತು. 1799ರಲ್ಲಿ ಟಿಪ್ಪುವಿನ ಪತನದೊಂದಿಗೆ ಮಂಗಳೂರು ಕಂಪನಿಯ ಆಡಳಿತಕ್ಕೆ ಸೇರಿತು.

ಬಾವುಟಗುಡ್ಡೆ ಮತ್ತು ಕಂದಾಯದ ಲೆಕ್ಕ

ಮಂಗಳೂರಿನ ಹೆಗ್ಗುರುತುಗಳಲ್ಲಿ ಕೊಡಗಿನವರಿಗೆ ಹೆಚ್ಚು ಹತ್ತಿರವಾದುದು ನಗರದ ನಡುವಿನ ಬಾವುಟಗುಡ್ಡೆ. ದೀಪಸ್ತಂಭವಿರುವುದರಿಂದ ಇದನ್ನು ಲೈಟ್‌ಹೌಸ್ ಹಿಲ್ ಎಂದೂ ಕರೆಯುತ್ತಾರೆ. 1834ರಲ್ಲಿ ಕಂಪನಿಯು ಕೊಡಗನ್ನು ವಶಪಡಿಸಿಕೊಂಡಾಗ, ಅಲ್ಲಿಯವರೆಗೆ ಕೊಡಗಿನ ಅರಸರ ಅಧೀನದಲ್ಲಿದ್ದ ಅಮರ ಸುಳ್ಯ ಮತ್ತು ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ರೈತರು ಕಂದಾಯವನ್ನು ಬೆಳೆಯ ರೂಪದಲ್ಲಿ ಸಲ್ಲಿಸುತ್ತಿದ್ದರು. ಹೊಸ ಆಡಳಿತವು ಅದನ್ನು ನಗದಿನಲ್ಲಿಯೇ ಕೊಡಬೇಕೆಂದು ವಿಧಿಸಿತು. ನಾಣ್ಯದ ಚಲಾವಣೆ ವಿರಳವಾಗಿದ್ದ ಹಳ್ಳಿಗಳಲ್ಲಿ ರೈತ ಬೆಳೆಯನ್ನು ಸಿಕ್ಕ ಬೆಲೆಗೆ ಮಾರಬೇಕಾಯಿತು, ಇಲ್ಲವೇ ಸಾಲ ಮಾಡಬೇಕಾಯಿತು.

ಅರಸೊತ್ತಿಗೆ ಕಳೆದುಕೊಂಡ ಅಸಮಾಧಾನದೊಂದಿಗೆ ಈ ಸಂಕಷ್ಟವೂ ಕೂಡಿ 1837ರಲ್ಲಿ ದಂಗೆಯಾಯಿತು. ಸುಳ್ಯದ ಕಡೆಯಿಂದ ಹೊರಟ ಜನಸಮೂಹ ಪುತ್ತೂರು, ಬಂಟ್ವಾಳಗಳನ್ನು ದಾಟಿ ಏಪ್ರಿಲ್ 5ರಂದು ಮಂಗಳೂರನ್ನು ವಶಪಡಿಸಿಕೊಂಡು, ಈ ಗುಡ್ಡದ ಮೇಲೆ ತನ್ನ ಬಾವುಟ ಹಾರಿಸಿತು. ಸುಮಾರು ಎರಡು ವಾರಗಳಲ್ಲಿ ಕಂಪನಿಯ ಸೈನ್ಯ ದಂಗೆಯನ್ನು ಹತ್ತಿಕ್ಕಿತು. ನಾಯಕರಲ್ಲೊಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ಮತ್ತೊಬ್ಬ ನಾಯಕ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆಯನ್ನು 2022ರಲ್ಲಿ ಬಾವುಟಗುಡ್ಡೆಯಲ್ಲಿ ಸ್ಥಾಪಿಸಲಾಗಿದೆ.

ಸಾಮಾನ್ಯವಾಗಿ ಈ ಘಟನೆಯನ್ನು ಸ್ವಾತಂತ್ರ್ಯ ಹೋರಾಟದ ಅಧ್ಯಾಯವಾಗಿ ಓದಲಾಗುತ್ತದೆ. ಅದು ಸರಿಯೂ ಹೌದು. ವಾಣಿಜ್ಯದ ವಿದ್ಯಾರ್ಥಿಗೆ ಅದರಲ್ಲಿ ಇನ್ನೊಂದು ಪಾಠವಿದೆ. ಬೆಳೆ ಕೈಗೆ ಬರುವ ಕಾಲ ಬೇರೆ, ನಗದು ಬೇಕಾಗುವ ಕಾಲ ಬೇರೆ. ಇವೆರಡರ ನಡುವಿನ ಅಂತರವನ್ನು ತುಂಬುವ ಸಂಸ್ಥೆ ಇಲ್ಲದಿದ್ದರೆ ಆಸ್ತಿವಂತನೂ ಸಾಲಗಾರನಾಗುತ್ತಾನೆ. ಮುಂದಿನ ನೂರು ವರ್ಷಗಳಲ್ಲಿ ಮಂಗಳೂರು ಕಟ್ಟಿಕೊಂಡದ್ದು ಇಂತಹ ಸಂಸ್ಥೆಗಳನ್ನೇ.

ಹಂಚು, ಅಚ್ಚುಕೂಟ, ಬ್ಯಾಂಕು

ಕೊಡಗು ಕಂಪನಿಯ ವಶವಾದ ಅದೇ 1834ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಗಳು ಮಂಗಳೂರಿಗೆ ಬಂದರು. ಅವರಲ್ಲಿ ಮುಂದೆ ಸೇರಿದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಕೊಡಗಿನಲ್ಲಿಯೂ ಕೆಲಸ ಮಾಡಿದ ಅವರು ಆ ನಾಡಿನ ಬಗ್ಗೆ ಬರೆದ ಗ್ರಂಥ 1855ರಲ್ಲಿ ಪ್ರಕಟವಾಯಿತು. ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮುದ್ರಣಗೊಂಡದ್ದು ಇದೇ ಮಿಶನ್ನಿನ ಅಚ್ಚುಕೂಟದಲ್ಲಿ.

1865ರಲ್ಲಿ ಜೆಪ್ಪುವಿನಲ್ಲಿ ಮಿಶನ್ನಿನ ಹಂಚಿನ ಕಾರ್ಖಾನೆ ಆರಂಭವಾಯಿತು. ಹೊಳೆಯ ದಡದ ಜೇಡಿಮಣ್ಣು, ಒಳನಾಡಿನ ಸೌದೆ, ಬಂದರಿನ ಸಾಗಣೆ ಈ ಮೂರೂ ಒಂದೇ ಕಡೆ ದೊರೆತದ್ದರಿಂದ ‘ಮಂಗಳೂರು ಹಂಚು’ ದೇಶದುದ್ದಕ್ಕೂ ಹೆಸರಾಯಿತು. ಅದಕ್ಕೂ ಮುನ್ನ, 1859ರಲ್ಲಿಯೇ, ಮಿಶನ್ ತನ್ನ ವ್ಯಾಪಾರಕ್ಕಾಗಿ ಪ್ರತ್ಯೇಕ ಕಂಪನಿಯನ್ನು ಸ್ಥಾಪಿಸಿತ್ತು. ಧರ್ಮಕಾರ್ಯದ ಹಣಕ್ಕೂ ವ್ಯಾಪಾರದ ಹಣಕ್ಕೂ ಬೇರೆ ಬೇರೆ ಪುಸ್ತಕ ಇಡುವ ಈ ಶಿಸ್ತು ಗಮನಾರ್ಹವಾದುದು.

ಸ್ಥಳೀಯರು ಕಟ್ಟಿದ ಸಂಸ್ಥೆಗಳ ಕಥೆ ಇನ್ನೂ ಮಹತ್ವದ್ದು. 1906ರಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಯವರು ಮಂಗಳೂರಿನಲ್ಲಿ ಸ್ಥಾಪಿಸಿದ ನಿಧಿಯೇ ಮುಂದೆ ಕೆನರಾ ಬ್ಯಾಂಕ್ ಆಯಿತು. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. ಒಂದೇ ಜಿಲ್ಲೆಯಲ್ಲಿ ಕಾಲು ಶತಮಾನದೊಳಗೆ ಐದು ಬ್ಯಾಂಕುಗಳು! ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ಏಜೆಂಟನು ಪ್ರತಿದಿನ ಮನೆ, ಅಂಗಡಿಗಳ ಬಾಗಿಲಿಗೇ ಹೋಗಿ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಸಂಗ್ರಹಿಸುತ್ತಿದ್ದನು. ಇಂದಿಗೂ ಮೂರ್ನಾಡಿನಂತಹ ಪೇಟೆಗಳ ಅಂಗಡಿಗಳಲ್ಲಿ ಸಂಜೆಯ ವೇಳೆ ಪಿಗ್ಮಿ ಸಂಗ್ರಹ ನಡೆಯುವುದು ಈ ಪರಂಪರೆಯ ಮುಂದುವರಿಕೆಯೇ ಆಗಿದೆ.

ಇವುಗಳಲ್ಲಿ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನಗೊಂಡಿತು. 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ ವಿಲೀನವಾದವು. ಹೆಸರುಗಳು ಅಳಿಸಿಹೋದರೂ, ಚಿಲ್ಲರೆ ಉಳಿತಾಯವನ್ನು ಒಟ್ಟುಗೂಡಿಸಿ ಬಂಡವಾಳವಾಗಿಸುವ ಅಭ್ಯಾಸ ಜಿಲ್ಲೆಯಲ್ಲಿ ಬೇರೂರಿತ್ತು. ಅದೇ ಅಭ್ಯಾಸ ಆಸ್ಪತ್ರೆಗಳಿಗೂ ನೆಲೆ ಒದಗಿಸಿತು.

ಆಸ್ಪತ್ರೆಗಳು: ನಾಲ್ಕು ಮಾದರಿಗಳು

ಮಂಗಳೂರಿನ ಆಸ್ಪತ್ರೆಗಳನ್ನು ಅವುಗಳ ಬಂಡವಾಳದ ಮೂಲವನ್ನು ಆಧರಿಸಿ ನಾಲ್ಕು ಮಾದರಿಗಳಾಗಿ ನೋಡಬಹುದು.

ಮೊದಲನೆಯದು ಸರ್ಕಾರಿ ಮಾದರಿ. ಹಂಪನಕಟ್ಟೆಯ ವೆನ್ಲಾಕ್ ಆಸ್ಪತ್ರೆಯ ಮೂಲ 1848ರಷ್ಟು ಹಿಂದಿನದು. 1891ರಿಂದ 1896ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದ ಲಾರ್ಡ್ ವೆನ್ಲಾಕ್ ಅವರ ಹೆಸರು ಅದಕ್ಕೆ ಬಂದಿತು. ಸಮೀಪದ ಲೇಡಿ ಗೋಷನ್ ಆಸ್ಪತ್ರೆ ತಾಯಂದಿರಿಗೆ ಮತ್ತು ಶಿಶುಗಳಿಗೆ ಮೀಸಲು. ಅದಕ್ಕೆ ಮತ್ತೊಬ್ಬ ಮದ್ರಾಸ್ ಗವರ್ನರರ ಪತ್ನಿಯ ಹೆಸರಿದೆ. ತೆರಿಗೆಯ ಹಣದಿಂದ ನಡೆಯುವ ಈ ಎರಡು ಆಸ್ಪತ್ರೆಗಳು ಇಂದಿಗೂ ಸುತ್ತಲಿನ ಜಿಲ್ಲೆಗಳ ಬಡವರ ಆಸರೆ.

ಎರಡನೆಯದು ಸೇವಾ ಸಂಸ್ಥೆಯ ಮಾದರಿ. ಜರ್ಮನಿಯಲ್ಲಿ ಜನಿಸಿದ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನಲ್ಲಿ ಹೋಮಿಯೋಪಥಿ ಔಷಧಾಲಯವನ್ನು ಆರಂಭಿಸಿದರು. ಅದೇ ವರ್ಷ ಸ್ಥಾಪನೆಗೊಂಡ ಸಂತ ಅಲೋಶಿಯಸ್ ಕಾಲೇಜು, ಅದರ ಚಾಪೆಲ್‌ನಲ್ಲಿ ಆಂಟೋನಿಯೊ ಮೊಸ್ಕೇನಿ ಬಿಡಿಸಿದ ಚಿತ್ರಗಳಿಂದ ಇಂದು ನಗರದ ಮುಖ್ಯ ಹೆಗ್ಗುರುತಾಗಿದೆ. ಮುಲ್ಲರ್ ಅವರು ಔಷಧಿಗಳನ್ನು ದೂರದ ಊರುಗಳಿಗೂ ಮಾರಾಟಕ್ಕೆ ಕಳುಹಿಸಿ, ಅದರ ಆದಾಯದಿಂದ ಬಡರೋಗಿಗಳ ಚಿಕಿತ್ಸೆಯನ್ನು ನಡೆಸಿದರು. 1890ರಲ್ಲಿ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ನೀಡಿದರು. 1910ರಲ್ಲಿ ಅವರು ನಿಧನರಾದ ಮೇಲೂ ಸಂಸ್ಥೆ ಬೆಳೆದು, 1985ರಲ್ಲಿ ಹೋಮಿಯೋಪಥಿ ಕಾಲೇಜನ್ನೂ 1999ರಲ್ಲಿ ವೈದ್ಯಕೀಯ ಕಾಲೇಜನ್ನೂ ಹೊಂದಿತು. ದಾನವನ್ನಷ್ಟೇ ನೆಚ್ಚಿಕೊಳ್ಳದೆ, ಸೇವೆಗೆ ನಿತ್ಯದ ಆದಾಯಮೂಲವೊಂದನ್ನು ಜೋಡಿಸಿದ್ದು ಈ ಸಂಸ್ಥೆಯ ದೀರ್ಘಾಯುಷ್ಯಕ್ಕೆ ಒಂದು ಮುಖ್ಯ ಕಾರಣ.

ಮೂರನೆಯದು ಸಹಭಾಗಿತ್ವದ ಮಾದರಿ. ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರಲ್ಲೊಬ್ಬರಾದ ಡಾ. ಟಿ.ಎಂ.ಎ. ಪೈ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಾಗ, ಖಾಸಗಿ ವೈದ್ಯಕೀಯ ಕಾಲೇಜುಗಳು ದೇಶದಲ್ಲಿ ವಿರಳವಾಗಿದ್ದವು. ಆರಂಭದ ಪಾಠಗಳು ಮಣಿಪಾಲದಲ್ಲಿ. ರೋಗಿಗಳ ಬಳಿ ನಡೆಯುವ ಕಲಿಕೆ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ. ಸರ್ಕಾರದ ಬಳಿ ಹಾಸಿಗೆಗಳೂ ರೋಗಿಗಳೂ ಇದ್ದರು. ಕಾಲೇಜಿನ ಬಳಿ ತಜ್ಞ ವೈದ್ಯರಿದ್ದರು. ಸರ್ಕಾರಿ–ಖಾಸಗಿ ಪಾಲುದಾರಿಕೆ ಎಂಬ ಮಾತು ಚಾಲ್ತಿಗೆ ಬರುವುದಕ್ಕೆ ದಶಕಗಳ ಮುನ್ನವೇ ಇಲ್ಲಿ ಅದು ಕಾರ್ಯರೂಪಕ್ಕೆ ಬಂದಿತ್ತು.

ನಾಲ್ಕನೆಯದು ಖಾಸಗಿ ಶಿಕ್ಷಣ ಟ್ರಸ್ಟುಗಳ ಮಾದರಿ. ದೇರಳಕಟ್ಟೆಯಲ್ಲಿ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿ ಮತ್ತು ಯೇನೆಪೋಯ ವೈದ್ಯಕೀಯ ಕಾಲೇಜು 1999ರಲ್ಲಿ ಆರಂಭವಾದವು. ಕುಂಟಿಕಾನದಲ್ಲಿ ಎ.ಜೆ. ವೈದ್ಯಕೀಯ ಸಂಸ್ಥೆ 2002ರಲ್ಲಿ ಬಂದಿತು. ಮುಂದೆ ಮುಕ್ಕ ಮತ್ತು ನಾಟೆಕಲ್‌ಗಳಲ್ಲಿಯೂ ಕಾಲೇಜುಗಳು ತಲೆಯೆತ್ತಿದವು. ಘಟ್ಟ ಇಳಿಯುವವರಿಗೆ ದಾರಿಯಲ್ಲೇ ಸಿಗುವ ಸುಳ್ಯದ ಕೆ.ವಿ.ಜಿ. ವೈದ್ಯಕೀಯ ಕಾಲೇಜೂ ಇದೇ ಸಾಲಿನದು.

ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಲೆಕ್ಕಾಚಾರವೇ ಬೇರೆ. ವಿದ್ಯಾರ್ಥಿಗಳ ಸಂಖ್ಯೆಗೆ ತಕ್ಕಷ್ಟು ಹಾಸಿಗೆಗಳಿರಬೇಕು, ಅವುಗಳಲ್ಲಿ ನಿಗದಿತ ಪ್ರಮಾಣದಷ್ಟು ಭರ್ತಿಯಾಗಿರಬೇಕು ಎಂಬುದು ವೈದ್ಯಕೀಯ ಶಿಕ್ಷಣದ ನಿಯಮ. ರೋಗಿಗಳು ಬಾರದಿದ್ದರೆ ಮಾನ್ಯತೆಗೇ ಅಪಾಯ. ಇಂತಹ ಆಸ್ಪತ್ರೆಗಳು ರಿಯಾಯಿತಿ ದರದ ಸಾಮಾನ್ಯ ವಾರ್ಡುಗಳನ್ನು ನಡೆಸುವುದರ, ಹಳ್ಳಿಗಳಲ್ಲಿ ತಪಾಸಣಾ ಶಿಬಿರ ಏರ್ಪಡಿಸುವುದರ ಹಿಂದೆ ಸೇವಾಭಾವದೊಂದಿಗೆ ಈ ಅಗತ್ಯವೂ ಇದೆ. ಹಡಗಿಗೆ ಒಳನಾಡಿನ ಸರಕು ಎಷ್ಟು ಅವಶ್ಯವೋ, ಬೋಧನಾ ಆಸ್ಪತ್ರೆಗೆ ಒಳನಾಡಿನ ರೋಗಿಯೂ ಅಷ್ಟೇ ಅವಶ್ಯ. ಕೊಡಗಿನವರು ಮಂಗಳೂರಿನ ಆಸ್ಪತ್ರೆಗಳ ಮುಂದೆ ಕೇವಲ ಬೇಡುವವರಲ್ಲ. ಅವುಗಳನ್ನು ನಿಲ್ಲಿಸಿರುವವರಲ್ಲಿ ಅವರೂ ಸೇರಿದ್ದಾರೆ.

ಪಣಂಬೂರು ಮತ್ತು ಕಾಫಿ

ಹಳೆಯ ಬಂದರಿನ ಅಳಿವೆಯಲ್ಲಿ ಮರಳಿನ ದಿಬ್ಬವಿದ್ದುದರಿಂದ ದೊಡ್ಡ ಹಡಗುಗಳು ಒಳಗೆ ಬರುತ್ತಿರಲಿಲ್ಲ. ಅವು ದೂರದಲ್ಲಿ ಲಂಗರು ಹಾಕುತ್ತಿದ್ದವು. ಸರಕನ್ನು ದೋಣಿಗಳಲ್ಲಿ ಸಾಗಿಸಬೇಕಿತ್ತು. ಮಳೆಗಾಲದಲ್ಲಿ ವ್ಯವಹಾರ ನಿಲ್ಲುತ್ತಿತ್ತು. ಸರ್ವಋತು ಬಂದರಿಗಾಗಿ ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರು ಶ್ರಮಿಸಿದರು. ಪಣಂಬೂರಿನಲ್ಲಿ ನಿರ್ಮಾಣಗೊಂಡ ನವಮಂಗಳೂರು ಬಂದರು 1974ರ ಮೇ 4ರಂದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಹಳೆಯ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಗ್ರಿ ಒಯ್ಯುವ ಮಂಜಿಗಳು ಹೊರಡುವುದು ನಿಂತಿಲ್ಲ.

ಹೊಸ ಬಂದರಿನ ಆರಂಭದ ಆಧಾರ ಕುದುರೆಮುಖದ ಕಬ್ಬಿಣದ ಅದಿರು. ಸುಪ್ರೀಂ ಕೋರ್ಟಿನ ಆದೇಶದಂತೆ ಅಲ್ಲಿನ ಗಣಿಗಾರಿಕೆ 2005ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ಆ ವೇಳೆಗಾಗಲೇ ಪೆಟ್ರೋಲಿಯಂ, ಕಲ್ಲಿದ್ದಲು, ರಸಗೊಬ್ಬರ ಮುಂತಾದ ಬೇರೆ ಸರಕುಗಳೂ ಬಂದರಿಗಿದ್ದವು. ಒಂದೇ ಸರಕನ್ನು ನಂಬಿ ಕುಳಿತಿದ್ದರೆ ಅದರ ಗತಿ ಏನಾಗುತ್ತಿತ್ತೆಂಬುದನ್ನು, ಒಂದೇ ಬೆಳೆಯನ್ನು ನಂಬಿರುವ ಕಾಫಿ ನಾಡಿನವರು ಯೋಚಿಸಬೇಕು.

ಕಾಫಿಗೂ ಮಂಗಳೂರಿಗೂ ಹಳೆಯ ನಂಟು. ಹತ್ತೊಂಬತ್ತನೆಯ ಶತಮಾನದಿಂದ ಕೊಡಗಿನ ಪಾರ್ಚ್‌ಮೆಂಟ್ ಕಾಫಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಮಂಗಳೂರು, ತಲಶ್ಶೇರಿಗಳ ಕ್ಯೂರಿಂಗ್ ವರ್ಕ್ಸ್ ಸೇರುತ್ತಿತ್ತು. ಅಲ್ಲಿ ಒಣಗಿಸಿ, ಸಿಪ್ಪೆ ತೆಗೆದು, ದರ್ಜೆಯಾಗಿ ವಿಂಗಡಿಸಿ ಹಡಗಿಗೇರಿಸುತ್ತಿದ್ದರು. ಕರಾವಳಿಯ ಗೋದಾಮುಗಳಲ್ಲಿ ಮುಂಗಾರಿನ ತೇವಗಾಳಿಗೆ ಒಡ್ಡಿ ಹದಗೊಳಿಸುವ ‘ಮಾನ್ಸೂನ್ಡ್ ಮಲಬಾರ್’ ಕಾಫಿ ಈ ತೀರದ ವಿಶೇಷ. 1942ರ ಕಾಫಿ ಕಾಯ್ದೆಯಡಿ ಜಾರಿಯಲ್ಲಿದ್ದ ಪೂಲ್ ಪದ್ಧತಿಯಲ್ಲಿ ಬೆಳೆಗಾರನು ಕಾಫಿಯನ್ನು ಮಂಡಳಿಗೆ ಒಪ್ಪಿಸಿ ಕಂತುಗಳಲ್ಲಿ ಹಣ ಪಡೆಯುತ್ತಿದ್ದನು. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡ ಈ ಪದ್ಧತಿ 1996ರ ವೇಳೆಗೆ ಸಂಪೂರ್ಣವಾಗಿ ಕೊನೆಗೊಂಡಿತು. ಅಂದಿನಿಂದ ರೋಬಸ್ಟಾಕ್ಕೆ ಲಂಡನ್, ಅರೇಬಿಕಾಕ್ಕೆ ನ್ಯೂಯಾರ್ಕ್ ಪೇಟೆಯ ದರ ಊರಿನ ವ್ಯಾಪಾರಿಯ ಅಂಗಡಿಗೇ ಬಂದು ಮುಟ್ಟುತ್ತಿದೆ. ಹಡಗು ಬಾಡಿಗೆ ಏರಿದರೂ, ಘಟ್ಟದ ರಸ್ತೆ ಕುಸಿದರೂ ಅದರ ಭಾರ ಕೊನೆಗೆ ತೋಟದ ಬಾಗಿಲಿನ ದರದ ಮೇಲೆಯೇ ಬೀಳುತ್ತದೆ.

ಒಂದೇ ದಾರಿ

ಕೊಡಗಿನಲ್ಲಿ ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ. ಮೂರ್ನಾಡಿನಿಂದ ಮಂಗಳೂರಿಗೆ ಮುಖ್ಯ ದಾರಿ ಮಡಿಕೇರಿ–ಸಂಪಾಜೆ ಘಟ್ಟದ ರಾಷ್ಟ್ರೀಯ ಹೆದ್ದಾರಿ 275. 2018ರ ಆಗಸ್ಟ್ ತಿಂಗಳ ಮಹಾಮಳೆಯಲ್ಲಿ ಮದೆನಾಡು, ಜೋಡುಪಾಲದ ಸುತ್ತ ಗುಡ್ಡಗಳು ಕುಸಿದು ಜನರು ಪ್ರಾಣ ಕಳೆದುಕೊಂಡರು. ಈ ರಸ್ತೆಯ ಸಂಚಾರ ವಾರಗಟ್ಟಲೆ ಸ್ಥಗಿತಗೊಂಡಿತು. ಸರಕಿಗೆ ಅದು ವಿಳಂಬ. ರೋಗಿಗೆ ಅದರ ಅರ್ಥವೇ ಬೇರೆ.

2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಕರ್ನಾಟಕ–ಕೇರಳ ಗಡಿಯನ್ನು ಮುಚ್ಚಿದಾಗ ಇದೇ ಸತ್ಯ ಇನ್ನೊಂದು ದಿಕ್ಕಿನಿಂದ ಎದುರಾಯಿತು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ತಲಪಾಡಿಯಲ್ಲಿ ತಡೆಹಿಡಿಯಲ್ಪಟ್ಟರು. ವಿಷಯ ಕೇರಳ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಏಪ್ರಿಲ್‌ನಲ್ಲಿ ತುರ್ತು ರೋಗಿಗಳ ಸಂಚಾರಕ್ಕೆ ಕ್ರಮವೊಂದು ನಿಗದಿಯಾಯಿತು. ಕೊಡಗಿನಿಂದ ಕಣ್ಣೂರಿಗೆ ಹೋಗುವ ಮಾಕುಟ್ಟ ರಸ್ತೆಯೂ ಆಗ ಬಂದ್ ಆಗಿತ್ತು. ಪಕ್ಕದಲ್ಲಿಯೇ ಇರುವ ಆಸ್ಪತ್ರೆಯೂ ದಾರಿ ಮುಚ್ಚಿದ ದಿನ ಇಲ್ಲದಂತೆಯೇ ಸರಿ.

ದಾರಿ ತೆರೆದಿದ್ದರೂ ಸಮಯದ ಲೆಕ್ಕ ಉಳಿದೇ ಇರುತ್ತದೆ. ಮೂರ್ನಾಡಿನಿಂದ ಮಂಗಳೂರು ತಲುಪಲು ಸಾಮಾನ್ಯವಾಗಿ ನಾಲ್ಕು ಗಂಟೆಯಷ್ಟು ಕಾಲ ಬೇಕು. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಪಾರ್ಶ್ವವಾಯು ಆದಾಗ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕೆಂಬುದು ವೈದ್ಯಶಾಸ್ತ್ರದ ನಿಯಮ. ಹೃದಯಾಘಾತದಲ್ಲಿ ಪ್ರತಿ ನಿಮಿಷಕ್ಕೂ ಬೆಲೆಯಿದೆ. ಹೀಗಿರುವಾಗ ರೋಗಿಯನ್ನು ನೇರವಾಗಿ ಕಾರಿನಲ್ಲಿ ಮಲಗಿಸಿಕೊಂಡು ಘಟ್ಟ ಇಳಿಯುವುದಕ್ಕಿಂತ, 108ಕ್ಕೆ ಕರೆ ಮಾಡಿ ಸಮೀಪದ ಆಸ್ಪತ್ರೆಯಲ್ಲಿ ಪ್ರಥಮ ಚಿಕಿತ್ಸೆ ಕೊಡಿಸಿ, ಅಲ್ಲಿನ ವೈದ್ಯರ ಸಲಹೆಯಂತೆ ಮುಂದುವರಿಯುವುದು ವಿವೇಕ. 2016ರಲ್ಲಿ ಆರಂಭವಾದ ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಇದೇ ಕಾರಣಕ್ಕೆ ಅತ್ಯಂತ ಮಹತ್ವದ್ದು. ಅದು ಮಂಗಳೂರಿಗೆ ಪರ್ಯಾಯವಾಗಲು ಕಾಲ ಬೇಕಾಗಬಹುದು. ಆದರೆ ಆ ನಾಲ್ಕು ಗಂಟೆಗಳಿಗೆ ಅದೇ ಉತ್ತರ.

ವರ್ತಕರ ಲೆಕ್ಕಪುಸ್ತಕಕ್ಕೆ

ಅಂಗಡಿಗೆ ಬೆಂಕಿ ವಿಮೆ, ಲಾರಿಗೆ ವಾಹನ ವಿಮೆ ಮಾಡಿಸುವ ವರ್ತಕರು ತಮ್ಮ ಕುಟುಂಬದ ಮತ್ತು ನೌಕರರ ಆರೋಗ್ಯದ ಖರ್ಚಿಗೆ ದುಡಿಯುವ ಬಂಡವಾಳಕ್ಕೇ ಕೈಹಾಕುವುದು ಸಾಮಾನ್ಯ. 1837ರ ರೈತನಿಗೆ ಎದುರಾದ ಕಷ್ಟವೇ ಇದು: ಸಂಪತ್ತು ಇದ್ದೂ ಬೇಕಾದ ದಿನ ನಗದು ಇಲ್ಲ. ಕಾಫಿ ಗಿಡದಲ್ಲಿದ್ದಾಗಲೇ ಅದನ್ನು ಕಡಿಮೆ ದರಕ್ಕೆ ಒಪ್ಪಿಕೊಂಡು ಮುಂಗಡ ಪಡೆಯುವ ಸಂದರ್ಭಗಳಲ್ಲಿ ಆಸ್ಪತ್ರೆಯ ಬಿಲ್ಲು ಕಾರಣವಾಗುವುದುಂಟು. ಆದ್ದರಿಂದ ಈ ಕೆಳಗಿನ ಅಂಶಗಳನ್ನು ಪ್ರತಿ ಆರ್ಥಿಕ ವರ್ಷದ ಆರಂಭದಲ್ಲಿ ಪರಿಶೀಲಿಸುವುದು ಒಳಿತು.

ಒಂದು, ಸರ್ಕಾರಿ ಯೋಜನೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಡತನ ರೇಖೆಗಿಂತ ಮೇಲಿನವರಿಗೂ ಭಾಗಶಃ ನೆರವು ಒದಗಿಸುವಂತೆ ರೂಪುಗೊಂಡಿತು. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವಾಗ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯ. ಈ ಪತ್ರವಿಲ್ಲದೆ ನೇರವಾಗಿ ಮಂಗಳೂರಿಗೆ ಹೋಗಿ ಸೌಲಭ್ಯ ಕಳೆದುಕೊಳ್ಳುವವರು ಕಡಿಮೆಯಿಲ್ಲ.

ಎರಡು, ಸಹಕಾರಿ ಯೋಜನೆ. 2003ರಲ್ಲಿ ಆರಂಭಗೊಂಡ ಯಶಸ್ವಿನಿ 2018ರಲ್ಲಿ ನಿಂತು, 2022–23ರ ಸಾಲಿನಲ್ಲಿ ಮತ್ತೆ ಜೀವ ಪಡೆಯಿತು. ಸಹಕಾರ ಸಂಘಗಳ ಸದಸ್ಯರಾಗಿರುವವರು ನೋಂದಣಿಯ ಅವಧಿಯನ್ನು ತಪ್ಪಿಸಿಕೊಳ್ಳಬಾರದು.

ಮೂರು, ವಿಮೆ. ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿದ್ದ ಶೇಕಡ 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ರದ್ದಾಗಿದೆ. ಪಾಲಿಸಿ ಕೊಳ್ಳುವಾಗ ತಾವು ನಿಜವಾಗಿ ಹೋಗುವ ಆಸ್ಪತ್ರೆ, ಅಂದರೆ ಮಡಿಕೇರಿ, ಸುಳ್ಯ, ಮಂ­ಗಳೂರು ಅಥವಾ ಮೈಸೂರಿನದು, ನಗದುರಹಿತ ಚಿಕಿತ್ಸೆಯ ಪಟ್ಟಿಯಲ್ಲಿದೆಯೇ ಎಂಬುದನ್ನು ಮೊದಲು ನೋಡಬೇಕು.

ನಾಲ್ಕು, ಆರೋಗ್ಯ ಕಾರ್ಡು. ಕೆಲವು ಆಸ್ಪತ್ರೆಗಳು ಕೊಡುವ ಕಾರ್ಡುಗಳು ಉಪಯುಕ್ತವೇ. ಆದರೆ ಅವು ದರದಲ್ಲಿ ರಿಯಾಯಿತಿ ಕೊಡುತ್ತವೆಯೇ ಹೊರತು ಬಿಲ್ಲನ್ನು ಭರಿಸುವುದಿಲ್ಲ. ಕಾರ್ಡನ್ನೇ ವಿಮೆಯೆಂದು ಭಾವಿಸುವುದು ತಪ್ಪು.

ವ್ಯಕ್ತಿಗತ ಸಿದ್ಧತೆಯ ಜೊತೆಗೆ ವರ್ತಕರ ಸಂಘಗಳು ಮಾಡಬಹುದಾದ ಕೆಲಸವೂ ಇದೆ. ಬೋಧನಾ ಆಸ್ಪತ್ರೆಗಳಿಗೆ ರೋಗಿಗಳು ಬೇಕು ಎಂಬ ವಾಸ್ತವವನ್ನು ಅರಿತು, ಪೇಟೆಯ ಸದಸ್ಯರು ಮತ್ತು ತೋಟದ ಕಾರ್ಮಿಕರ ಪರವಾಗಿ ಒಟ್ಟಾಗಿ ಮಾತುಕತೆ ನಡೆಸಿ ನಿಗದಿತ ತಪಾಸಣಾ ದಿನಗಳನ್ನೂ ರಿಯಾಯಿತಿ ದರಗಳನ್ನೂ ಬರಹದಲ್ಲಿ ಪಡೆಯಬಹುದು. ಘಟ್ಟದ ರಸ್ತೆಯ ಸುಸ್ಥಿತಿಗಾಗಿ ಮನವಿ ಸಲ್ಲಿಸುವಾಗ ಕಾಫಿ ಸಾಗಣೆಯ ಅಂಕಿಗಳ ಪಕ್ಕದಲ್ಲಿ ಅದೇ ರಸ್ತೆಯಲ್ಲಿ ಸಾಗುವ ಆಂಬುಲೆನ್ಸುಗಳ ಸಂಖ್ಯೆಯನ್ನೂ ಸೇರಿಸಬಹುದು.

ಸುಬ್ಬರಾವ್ ಪೈ, ಮುಲ್ಲರ್, ಟಿ.ಎಂ.ಎ. ಪೈ ಇವರಲ್ಲಿ ಯಾರೂ ಅರಸರಾಗಿರಲಿಲ್ಲ. ವಕೀಲ, ಪಾದ್ರಿ, ವೈದ್ಯರಾಗಿದ್ದರು. ಚಿಕ್ಕ ಮೊತ್ತಗಳನ್ನು ಶಿಸ್ತಾಗಿ ಕೂಡಿಸಿ, ತಮ್ಮ ಕಾಲಾನಂತರವೂ ನಡೆಯುವಂತಹ ನಿಯಮಬದ್ಧ ಸಂಸ್ಥೆಗಳಿಗೆ ಒಪ್ಪಿಸಿದ್ದು ಅವರ ಹಿರಿಮೆ. ಮಂಗಳೂರಿನಿಂದ ಘಟ್ಟದ ಮೇಲಿನ ಪೇಟೆಗಳು ಸರಕನ್ನೂ ಚಿಕಿತ್ಸೆಯನ್ನೂ ತರುತ್ತಿವೆ. ಈ ಪದ್ಧತಿಯನ್ನೂ ತಂದುಕೊಂಡರೆ ಮುಂದಿನ ಮಳೆಗಾಲದಲ್ಲಿ ದಾರಿ ಮುಚ್ಚಿದ ದಿನವೂ ಮೂರ್ನಾಡಿನ ಮನೆಗಳು ನಿರಾಧಾರವಾಗುವುದಿಲ್ಲ.